ಭುಜ್ ಮಾದರಿ: ರಸ್ತೆಗೆ ಹೋದ ಜಾಗ, ಲೆಕ್ಕಕ್ಕೆ ಸಿಗದ ಬಾಡಿಗೆದಾರ

ಕೋಟೆಬಾಗಿಲು: 2001ರ ಜನವರಿ 26ರ ಭೂಕಂಪದಲ್ಲಿ ನೆಲಸಮವಾದ, ಗುಜರಾತಿನ ಭುಜ್‌ನ ಕೋಟೆಯೊಳಗಿನ ಊರನ್ನು ಮತ್ತೆ ಕಟ್ಟುವಾಗ, ರಸ್ತೆಗಳನ್ನು ಅಗಲ ಮಾಡಲು ಮನೆಯವರ ನಿವೇಶನದಲ್ಲೇ ಪಾಲು ತೆಗೆದುಕೊಂಡರು. ಎಲ್ಲ ಕಳೆದುಕೊಂಡವರ ಜಾಗಕ್ಕೂ ಕತ್ತರಿ ಹಾಕಿದ್ದು ಗಾಯದ ಮೇಲೆ ಬರೆ ಎಳೆದಂತಲ್ಲವೇ?

ಶಾರದಾ ಕೆ.: ಆ ಗಲ್ಲಿಗಳು ಹೇಗಿದ್ದವು ಎಂಬುದನ್ನೂ ಹೇಳಿ. ಎರಡೂ ಬದಿಯ ಕಲ್ಲುಗೋಡೆಗಳು ಗಲ್ಲಿಯ ಮೇಲೆಯೇ ಬಿದ್ದವು. ಮನೆಯಿಂದ ಹೊರಗೆ ಓಡಿ ಬಂದವರಿಗೂ ಉಳಿಯಲು ಜಾಗವಿರಲಿಲ್ಲ. ಅವಶೇಷ ಎತ್ತುವ ಯಂತ್ರ ಒಳಗೆ ಹೋಗುವಂತಿರಲಿಲ್ಲ. ಕಡಿತವೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ತೀರಾ ಚಿಕ್ಕ ನಿವೇಶನಗಳನ್ನು ಮುಟ್ಟಲಿಲ್ಲ, ದೊಡ್ಡವುಗಳಿಂದ ಹೆಚ್ಚು ತೆಗೆದರು.

ಗಾರೆಕೆಲಸ: ನಾನು ಮೆಚ್ಚುವುದು ಬೇರೆಯದನ್ನು. ಗುಜರಾತ್ ಸರ್ಕಾರ ಗುತ್ತಿಗೆದಾರನ ಕೈಗೆ ಮನೆ ಕೊಡಲಿಲ್ಲ, ಬಹುಪಾಲು ಮನೆಯೊಡೆಯನ ಬ್ಯಾಂಕ್ ಖಾತೆಗೇ ಕಂತಿನಲ್ಲಿ ಹಣ ಹಾಕಿತು. ಎಂಜಿನಿಯರ್ ಬಂದು ನೋಡಿ ಒಪ್ಪಿದ ಮೇಲೆಯೇ ಮುಂದಿನ ಕಂತು. ಹೀಗಾಗಿ ಪಾಯದ ಮೇಲೊಂದು, ಕಿಟಕಿ-ಬಾಗಿಲ ನೆತ್ತಿಯ ಮೇಲೊಂದು, ಮನೆಯ ಸುತ್ತ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಇರಲೇಬೇಕಾಯಿತು. ಗೋಡೆ ಬಿರಿದರೂ ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಅದೇ. ಮೇಸ್ತ್ರಿಗಳಿಗೂ ತರಬೇತಿ ಕೊಟ್ಟರು.

ಕೋಟೆಬಾಗಿಲು: ಮನೆಯೊಡೆಯನಿಗೆ ಸರಿ. ಬಾಡಿಗೆಗಿದ್ದವನಿಗೆ? ಹಳೆ ಊರಿನಲ್ಲಿ ತಲೆಮಾರುಗಳಿಂದ ಚಿಲ್ಲರೆ ಬಾಡಿಗೆ ಕೊಟ್ಟುಕೊಂಡು ಬಾಳಿದವರು ಬಹಳ ಜನ. ಮನೆ ಬಿದ್ದ ಮೇಲೆ ಅವರನ್ನು ಮತ್ತೆ ಅದೇ ಬಾಡಿಗೆಗೆ ಕರೆಯಲು ಯಾವ ಮಾಲೀಕನಿಗೆ ಅಗತ್ಯವಿತ್ತು?

ಶಾರದಾ ಕೆ.: ಇದನ್ನು ಒಪ್ಪುತ್ತೇನೆ. ಹಕ್ಕುಪತ್ರ ಇದ್ದವರನ್ನು ಎಣಿಸಿದರೆ ಊರನ್ನು ಎಣಿಸಿದಂತೆ ಆಗುವುದಿಲ್ಲ. ಆದರೆ ಅದು ರಸ್ತೆಯ ತಪ್ಪಲ್ಲ, ಪರಿಹಾರದ ನಿಯಮದ್ದು. ಎರಡನ್ನೂ ಒಂದೇ ಗಂಟು ಕಟ್ಟಬೇಡಿ.

ಮಲಪ್ರಭಾ ದಂಡೆ: ನಮ್ಮ ಉತ್ತರ ಕರ್ನಾಟಕದ ಕಡೆ 2009ರ ಪ್ರವಾಹದ ನಂತರ ಸರ್ಕಾರ ಮತ್ತು ದಾನಿಗಳು ಕಟ್ಟಿಸಿಕೊಟ್ಟ ‘ಆಸರೆ’ ಮನೆಗಳು ಬಂದವು. ಹಲವು ಕಡೆ ಹೊಲದಿಂದ ದೂರ, ದನ ಕಟ್ಟಲು ಕೊಟ್ಟಿಗೆಯಿಲ್ಲ, ಮೇವಿನ ಬಣವೆಗೆ ತಾವಿಲ್ಲ. ಕೆಲವರು ಬೀಗ ಹಾಕಿ ಹಳೆ ಊರಿಗೇ ಮರಳಿದರು. ಭುಜ್‌ನವರ ಜಾಗ ಸ್ವಲ್ಪ ಕಡಿಮೆಯಾಗಿರಬಹುದು, ಅಡುಗೆಮನೆ ಎಲ್ಲಿರಬೇಕೆಂದು ಹೇಳುವ ಬಾಯಿಯಾದರೂ ಅವರದೇ ಆಗಿತ್ತು.

ಗಾರೆಕೆಲಸ: ಹಾಗೆಂದು ಎಲ್ಲವನ್ನೂ ಮನೆಯವರ ಮೇಲೆ ಹೊರಿಸಿದರೂ ನಡೆಯುವುದಿಲ್ಲ. ಊರೆಲ್ಲ ಒಟ್ಟಿಗೆ ಕಟ್ಟಲು ಹೊರಟರೆ ಸಿಮೆಂಟು, ಮರಳು, ಕೂಲಿ ಎಲ್ಲವೂ ದುಬಾರಿ. ಗಂಡನನ್ನು ಕಳೆದುಕೊಂಡ ಮುದುಕಿ ಯಾವ ಮೇಸ್ತ್ರಿಯ ಹಿಂದೆ ಓಡಬೇಕು? ಅಂಥವರಿಗೆ ಕಟ್ಟಿಕೊಡುವುದೇ ಸರಿ, ನಕ್ಷೆಯನ್ನು ಮಾತ್ರ ಅವರನ್ನು ಕೇಳಿಯೇ ಹಾಕಬೇಕು.

ಕೋಟೆಬಾಗಿಲು: ಕೇಳುವಾಗ ಬಾಡಿಗೆದಾರನನ್ನೂ ಸಭೆಗೆ ಕರೆಯಿರಿ. ಅಲ್ಲಿಯವರೆಗೆ ನಾನು ಇದನ್ನು ಮಾದರಿ ಎನ್ನಲಾರೆ.