ಅಮರನಾಯಕರು ರಾಯನಿಗೆ ಕಪ್ಪ ಕಟ್ಟುತ್ತಿದ್ದುದು ಏಕೆ?

ಹಂಪಿಹಾದಿ:
ವಿಜಯನಗರದಲ್ಲಿ ಅಮರನಾಯಕನೆಂದರೆ ದಂಡು ಸಾಕುವ ಕರಾರಿನ ಮೇಲೆ ರಾಯನಿಂದ, ಅಂದರೆ ದೊರೆಯಿಂದ, ಸೀಮೆ ಪಡೆದವನು. ಸೀಮೆ, ಕಂದಾಯ, ದಂಡು ಮೂರೂ ಅವನ ಕೈಯಲ್ಲೇ. ಹಾಗಿದ್ದೂ ಅವನು ರಾಯನಿಗೆ ಏಕೆ ಬಗ್ಗುತ್ತಿದ್ದ? ಈ ಕೊಡುಕೊಳೆಯ ಲೆಕ್ಕ ಎಲ್ಲಾದರೂ ಸಿಗುತ್ತದೆಯೇ?

ಶಾಸನಾಸಕ್ತ:
ಸಿಗುತ್ತದೆ. ವಿಜಯನಗರದ ದೊರೆ ಅಚ್ಯುತರಾಯನ ಕಾಲದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್, ಮಂತ್ರಿ ಸಾಳುವ ನಾಯಕನ ಬಾಬ್ತನ್ನು ಬಿಡಿಸಿ ಬರೆದಿದ್ದಾನೆ. ಹುಟ್ಟುವಳಿ 11 ಲಕ್ಷ ವರಹ (ಚಿನ್ನದ ನಾಣ್ಯ). ಮೂರರಲ್ಲೊಂದು ಪಾಲು ರಾಯನಿಗೆ. ಉಳಿದ ಸುಮಾರು 7.33 ಲಕ್ಷದಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು. ಕಪ್ಪವನ್ನು ಎಣಿಸಿ ಕಟ್ಟಬೇಕಾದ್ದರಿಂದ ಅಲ್ಲಿ ಕೈಚಳಕ ನಡೆಯದು. ದಂಡಿನ ತಲೆಯೆಣಿಕೆಯಲ್ಲಿ ನಡೆಯುತ್ತದೆ. ಸಾಳುವ ನಾಯಕ ಪೂರ್ತಿ ಪಡೆ ಇಡುತ್ತಲೇ ಇರಲಿಲ್ಲ, ಲಾಭವೆಲ್ಲ ಅಲ್ಲೇ ಎಂದು ನುನಿಜ್ ಹೇಳುತ್ತಾನೆ. ಅದರ ಬೆನ್ನಿಗೇ, ರಾಯ ಬೇಕೆಂದಾಗ ಇಂಥವರ ಆಸ್ತಿ ಕಿತ್ತುಕೊಳ್ಳುತ್ತಾನೆ ಎನ್ನುತ್ತಾನೆ. ನನಗೆ ಕಾಣುವಂತೆ ರಾಯನ ನಿಜವಾದ ಹಿಡಿತ ಇದೇ: ಪಡೆಯಲ್ಲಿ ಕೊರತೆ ಇಟ್ಟ ನಾಯಕನ ಜುಟ್ಟು ಸದಾ ದೊರೆಯ ಕೈಯಲ್ಲಿ.

ತುಂಗಾತೀರ:
ಒಪ್ಪುತ್ತೇನೆ. ಆದರೆ ಮೂರರಲ್ಲೊಂದು ಪಾಲನ್ನು ಎಲ್ಲರಿಗೂ ಹೊಂದಿಸಬೇಡಿ. ಒಟ್ಟು 120 ಲಕ್ಷದಲ್ಲಿ 60 ಲಕ್ಷ ರಾಯನಿಗೆ ಸಲ್ಲುತ್ತಿತ್ತೆಂದು ನುನಿಜನೇ ಬರೆದಿದ್ದಾನೆ, ಅಂದರೆ ಅರ್ಧಕ್ಕರ್ಧ. ಮಂತ್ರಿಗೆ ಕಡಿಮೆ ದರ ಬಿದ್ದಿದೆ ಎಂದರೆ ಚೌಕಾಸಿಗೆ ಜಾಗವಿತ್ತು. ಅದಕ್ಕೇ ಪ್ರತಿ ನಾಯಕನ ಬರಹಗಾರನೊಬ್ಬ ಹಗಲೂ ರಾತ್ರಿ ಅರಮನೆಯಲ್ಲಿದ್ದು, ದೊರೆಯ ನಡೆನುಡಿಯನ್ನೆಲ್ಲ ಒಡೆಯನಿಗೆ ಬರೆದು ಕಳಿಸುತ್ತಿದ್ದ.

ಚೌಕಾಸಿ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಚೆಲ್ಲಪ್ಪನನ್ನು ನೋಡಿ. ಇತಿಹಾಸಕಾರರು ಈ ಸಾಳುವ ನಾಯಕನೆಂದು ಗುರುತಿಸುವುದು ಅವನನ್ನೇ. 1529ರಲ್ಲಿ ಅಚ್ಯುತರಾಯನಿಗೆ ಸಿಂಹಾಸನ ಉಳಿಸಿಕೊಟ್ಟವನು 1531ರ ಸುಮಾರಿಗೆ ತಿರುಗಿಬಿದ್ದು ತಿರುವಾಂಕೂರಿನ ಅರಸನ ಜತೆ ಸೇರಿದ. ರಾಯ ದಂಡೆತ್ತಿ ಶ್ರೀರಂಗದವರೆಗೆ ಹೋದ; ಅಲ್ಲಿಂದ ಮುಂದೆ ತಾಮ್ರಪರ್ಣಿ ನದಿಯವರೆಗೆ ನುಗ್ಗಿ ಗೆದ್ದವನು ರಾಯನ ಭಾವಮೈದುನ ಸಲಕರಾಜು ತಿರುಮಲ. ಚೆಲ್ಲಪ್ಪ ಸೆರೆಸಿಕ್ಕ. ಆದರೆ ಒಬ್ಬ ನಾಯಕನನ್ನು ಬಗ್ಗಿಸಲು ಇನ್ನೊಬ್ಬನ ದಂಡು ಬೇಕೇ ಬೇಕು, ಅವನಿಗೂ ಏನಾದರೂ ಕೊಡಲೇಬೇಕು. ತಿರುಮಲನ ಮನೆತನವಾದ ಸಲಕರಾಜುಗಳ ಬಲ ಬೆಳೆದದ್ದು ಹೀಗೆ.

ಕೆರೆಏರಿ:
ರಾಯ-ನಾಯಕರ ಚೌಕಾಸಿಯನ್ನಷ್ಟೇ ನೋಡಿದರೆ ರೈತ ಕಣ್ಣಿಗೇ ಬೀಳುವುದಿಲ್ಲ. ಇಮ್ಮಡಿ ದೇವರಾಯನ ಕಾಲದಲ್ಲಿ, 1429ರಲ್ಲಿ, ತಮಿಳು ಸೀಮೆಯ ಬಲಗೈ ಎಡಗೈ ಪಂಗಡಗಳು (ಹಲವು ಜಾತಿಗಳು ಸೇರಿದ ಎರಡು ಎದುರಾಳಿ ಕೂಟಗಳು) ಹಗೆ ಬಿಟ್ಟು ಒಂದಾದವು. ಬೆಳೆಗೆ ತಕ್ಕಷ್ಟೇ ತೆರುತ್ತೇವೆ, ಅನ್ಯಾಯದ ತೆರಿಗೆ ಕಟ್ಟುವುದಿಲ್ಲ ಎಂದು ಕೊರುಕ್ಕೈಯಲ್ಲಿ ಕಲ್ಲಿಗೇ ಹೊಡೆಸಿದವು. ತಾವು ಒಂದಾಗಿರದೆ ಇದ್ದುದರಿಂದಲೇ ಮೋಸ ಹೋದೆವೆಂಬುದೂ, ಊರು ಬಿಟ್ಟು ಓಡುವ ಸ್ಥಿತಿ ಬಂದಿತ್ತೆಂಬುದೂ ಅದೇ ಶಾಸನದಲ್ಲಿದೆ. ಒಕ್ಕಲು ಎದ್ದುಹೋದರೆ ಹೊಲ ಬೀಳು, ನಾಯಕನಿಗೂ ರಾಯನಿಗೂ ಬಿಡಿಕಾಸು ಹುಟ್ಟುವುದಿಲ್ಲ. ಕಪ್ಪದ ಮೊತ್ತಕ್ಕೆ ಮಿತಿ ಹಾಕುತ್ತಿದ್ದುದು ಈ ಭಯ.