‘ನಮ್ಮ ಬೋರು’ ಗುಂಪಿಗೆ ಸಮಾಜವಾದ ಬಂದ ರಾತ್ರಿ

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ನಮ್ಮ ಬೋರು’. ಹೆಸರು ಸರಿಯಾಗೇ ಇಟ್ಟಿದ್ದೀಯ ಅಂತ ಭಾವ ನಗುತ್ತಾರೆ. ಆದರೆ ನಾನು ಇಟ್ಟದ್ದು ಕೊಳವೆಬಾವಿಯ ಲೆಕ್ಕಕ್ಕೆ. ಚಿಂತಾಮಣಿ ಹತ್ತಿರದ ತಾತನ ಜಮೀನು ಮೂರು ಪಾಲಾದಾಗ ಬೋರೊಂದು ಪಾಲಾಗದೆ ಉಳಿಯಿತು. ಮೋಟಾರು ಸುಟ್ಟರೆ ಮೂರು ಮನೆಯವರೂ ದುಡ್ಡು ಹಾಕಬೇಕು. ಕಳೆದ ವಾರವೂ ಸುಟ್ಟಿತು, ಮನೆಗೆ 3,400 ಬಿತ್ತು. ಲೆಕ್ಕ ಬರೆಯುವವನು ನಾನು. ದೊಡ್ಡಪ್ಪನ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ ಇತ್ತು.

ಶನಿವಾರ ರಾತ್ರಿ ಬೆಂಗಳೂರಿನಿಂದ ಭಾವ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಕೆಂಪು ಬಸ್ಸಿನ ಚಿತ್ರ. ಕೆಳಗೆ: ‘ಬಿಟ್ಟಿ ಬಸ್ಸು, ಬಿಟ್ಟಿ ಅಕ್ಕಿ, ಸರ್ಕಾರಿ ಆಸ್ಪತ್ರೆ, ಇದೇ ಸಮಾಜವಾದ. ಸಮಾಜವಾದ ಬಂದ ದೇಶ ಉದ್ಧಾರವಾದದ್ದುಂಟೇ? ಹತ್ತು ಜನಕ್ಕೆ ಕಳಿಸಿ.’ ‘ಇನ್ನಷ್ಟು ಓದಿ’ ಒತ್ತಿದವರಿಗೆ ಮಾತ್ರ ಕಾಣುವಂತೆ ಇನ್ನೂ ಒಂದು ಸಾಲಿತ್ತು: ‘ಡೆನ್ಮಾರ್ಕ್‌ನಲ್ಲಿ ಇಂಥ ಬಿಟ್ಟಿ ಇಲ್ಲ, ಅದಕ್ಕೇ ಜನ ಸುಖವಾಗಿದ್ದಾರೆ.’ ಅದನ್ನು ಒತ್ತಿದವಳು ಒಬ್ಬಳೇ. ಕಾನೂನು ಓದುತ್ತಿರುವ ಚಿಕ್ಕಪ್ಪನ ಮಗಳು, ನಮಗೆಲ್ಲ ಪುಟ್ಟಿ.

ದೊಡ್ಡಪ್ಪ: ಸತ್ಯವಾದ ಮಾತು. ದುಡಿದು ತಿನ್ನುವ ಕಾಲ ಹೋಯಿತು. ನಾವು ಬೀದಿ ದೀಪದ ಕೆಳಗೆ ಓದಿ ಮೇಷ್ಟ್ರಾದವರು.

ಪುಟ್ಟಿ: ಬೀದಿ ದೀಪದ ಬಿಲ್ಲು ಯಾರು ಕಟ್ತಿದ್ರು ದೊಡ್ಡಪ್ಪ?

ಪುಟ್ಟಿ: ಭಾವ, ಇದನ್ನ ಯಾರು ಬರೆದದ್ದು? ಡೆನ್ಮಾರ್ಕ್‌ನಲ್ಲಿ ಸರ್ಕಾರಿ ಆಸ್ಪತ್ರೆ, ಕಾಲೇಜು ಎರಡಕ್ಕೂ ಅಲ್ಲಿನವರು ಫೀಸು ಕೊಡಲ್ಲ. ತೆರಿಗೆ ಜಾಸ್ತಿ ಕಟ್ತಾರೆ. ಆದರೂ 2015ರಲ್ಲಿ ಅವರ ಪ್ರಧಾನಿ ರಾಸ್ಮುಸೆನ್ ಅಮೆರಿಕಕ್ಕೆ ಹೋಗಿ, ನಮ್ಮದು ಸಮಾಜವಾದ ಅಲ್ಲ, ಮಾರುಕಟ್ಟೆ ಆರ್ಥಿಕತೆ ಅಂತ ಬಿಡಿಸಿ ಹೇಳಿದ್ದರು.

ಭಾವ: ನನಗೆ ಬಂತು, ಕಳಿಸಿದೆ. ಅದಕ್ಕೂ ಮೂಲ ಬೇಕಾ?

ದೊಡ್ಡಪ್ಪ: ದೊಡ್ಡವರ ಹತ್ತಿರ ಮಾತಾಡುವ ರೀತಿ ಅಲ್ಲ ಇದು. ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂವಿ ಯಾರ ಹತ್ತಿರ ಬಿಟ್ಟಿ ಕೇಳಿದ್ದರು?

ಪುಟ್ಟಿ: ಅವರು ಓಡಾಡಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಟ್ಟಿಸಿದ್ದು ಸರ್ಕಾರದ ದುಡ್ಡಲ್ಲೇ. ಮೈಸೂರು ಸ್ಯಾಂಡಲ್ ಸೋಪು ಇವತ್ತಿಗೂ ಸರ್ಕಾರದ್ದೇ. ಆಗ ಆಳ್ತಿದ್ದವರು ಮಹಾರಾಜರು. ಅದೂ ಸಮಾಜವಾದನಾ?

ದೊಡ್ಡಪ್ಪ: ಸರ್ ಎಂವಿ ವಿಷಯಕ್ಕೆ ಬರಬೇಡ.

ವಿಷಯಕ್ಕೆ ತಂದವರು ಅವರೇ. ಅದನ್ನು ಹೇಳುವ ಧೈರ್ಯ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಕೋಲಾರದ ಅಣ್ಣ, ದೊಡ್ಡಪ್ಪನ ಮಗ, ಬಂದರು. ಅವರು ಬಂದರೆ ಮಾತು ಐವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ಕೋಲಾರದ ಅಣ್ಣ: ದೀಪ ಅಂದ್ರಲ್ಲ, 1902ರಲ್ಲೇ ನಮ್ಮ ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ಬೆಂಗಳೂರಿನ ಬೀದಿಗೆ ಬಂದದ್ದು 1905ಕ್ಕೆ 💪

ಪುಟ್ಟಿ: ಸರಿಯಾಗಿ ಹೇಳಿದ್ರಿ ಅಣ್ಣ. ಕರೆಂಟು ಮಾಡಿದ್ದು ಮೈಸೂರು ಸರ್ಕಾರ, ಕೊಂಡದ್ದು ಬ್ರಿಟಿಷ್ ಗಣಿ ಕಂಪನಿ. ಲಾಭ ಹೋದದ್ದು ಅದರ ಷೇರುದಾರರಿಗೆ. ಸರ್ಕಾರಿ ಸೇವೆ ಇತ್ತು, ಅದರ ಮೇಲೆ ಬಂಡವಾಳ ಬೆಳೀತು. ಇದಕ್ಕೆ ಏನಂತ ಹೆಸರಿಡೋದು?

ಕೋಲಾರದ ಅಣ್ಣ: ಆಮೇಲೆ ನಮ್ಮ ಸಣ್ಣ ರೈಲು! ಎರಡೂವರೆ ಅಡಿ ಹಳಿ. ಶ್ರೀನಿವಾಸಪುರ ದಾಟಿದ ಮೇಲೆ ಇಳಿದು ಹುಣಸೆಕಾಯಿ ಕಿತ್ತುಕೊಂಡು ಓಡಿ ಹತ್ತುತ್ತಿದ್ವಿ. ಅತ್ತೇ, ನೆನಪಿದ್ಯಾ?

ಇಡೀ ರಾತ್ರಿಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಪುಟ್ಟಿಯದು ಅಂತ ನನ್ನ ಅನಿಸಿಕೆ. ಹೆಬ್ಬೆಟ್ಟು ಮಾತ್ರ ನಾಲ್ಕೂ ಸಣ್ಣ ರೈಲಿಗೇ ಬಿದ್ದವು.

ಹಾಲು ಕರೆದು ಊಟ ಮುಗಿಸಿದ ಮೇಲೆ ಚಿಕ್ಕಪ್ಪ ಫೋನು ನೋಡುತ್ತಾರೆ. ನೋಡಿದರು.

ಚಿಕ್ಕಪ್ಪ: ಅಳಿಯಂದ್ರೇ, ಇಂಜಿನಿಯರಿಂಗ್‌ಗೆ ಸರ್ಕಾರಿ ಸೀಟು ಸಿಕ್ಕಾಗ ಊರಿಗೆಲ್ಲ ಲಾಡು ಹಂಚಿದ್ರಲ್ಲ, ಅದು ಯಾವ ವಾದ?

ಭಾವ: ಅದು ಮೆರಿಟ್ ಮಾವ. ಹತ್ತು ಎಚ್‌ಪಿ ಒಳಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಎಷ್ಟು ಬರುತ್ತೆ ನಿಮಗೆ?

ಚಿಕ್ಕಪ್ಪ: ರೈತನಿಗೆ ಕೊಡೋದು ಬಿಟ್ಟಿ ಅಲ್ಲ.

ಭಾವ: ಹಾಲಿಗೆ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ?

ಚಿಕ್ಕಪ್ಪ: ಬೆಳಗ್ಗೆ ಐದಕ್ಕೆ ಎದ್ದು ಒಂದು ಸಲ ಕೊಟ್ಟಿಗೆ ಸಾರಿಸಿ ನೋಡಿ, ಆಮೇಲೆ ಮಾತಾಡೋಣ. ನಮ್ಮಣ್ಣನ ಪಿಂಚಣಿ ಕೇಳಲ್ವಾ ನೀವು?

ದೊಡ್ಡಪ್ಪ: ಅದು ಮೂವತ್ನಾಲ್ಕು ವರ್ಷ ಸೀಮೆಸುಣ್ಣದ ಪುಡಿ ಕುಡಿದದ್ದಕ್ಕೆ.

ಆಮೇಲೆ ಅತ್ತೆಯ ಧ್ವನಿ ಸಂದೇಶ ಬಂತು, ಒಂದೂಮುಕ್ಕಾಲು ನಿಮಿಷ. ಗೌರಿಬಿದನೂರಿನಿಂದ. ಬರೆಯಲು ಬೇಜಾರು ಅವರಿಗೆ. “ನನ್ನ ಬಸ್ಸಿನ ಸುದ್ದಿ ಯಾರೂ ಎತ್ತಬೇಡಿ. 2023ರ ಜೂನ್‌ಗೆ ಮುಂಚೆ ತವರಿಗೆ ಬರಬೇಕಾದ್ರೆ ನಿಮ್ಮಪ್ಪನ ಹತ್ತಿರ ಟಿಕೆಟ್ಟಿಗೆ ಕೈಯೊಡ್ಡಬೇಕಿತ್ತು ಕಣೋ. ಕೊಟ್ರೆ ಬರ್ತಿದ್ದೆ, ಇಲ್ದಿದ್ರೆ ಇಲ್ಲ. ಈಗ ಪ್ರೈವೇಟ್ ಬಸ್ಸು ಮೊದ್ಲು ಬಂದ್ರೂ ಹತ್ತಲ್ಲ, ಸರ್ಕಾರಿದು ಬರೋವರೆಗೂ ಚಿಕ್ಕಬಳ್ಳಾಪುರದಲ್ಲಿ ಕೂತಿರ್ತೀನಿ. ಅದಕ್ಕೆ ನೀನು ಏನ್ ಹೆಸರಾದ್ರೂ ಇಟ್ಕೋ.” ಕೊನೆಯಲ್ಲಿ ಕುಕ್ಕರು ಕೂಗಿದ್ದೂ ಕೇಳಿಸಿತು. ಭಾವ ಅವರ ಮಗ. ಇಪ್ಪತ್ತು ನಿಮಿಷ ಅವರು ಆನ್‌ಲೈನ್ ಇದ್ದರೂ ಏನೂ ಬರೆಯಲಿಲ್ಲ.

ಆ ಬಿಡುವಿನಲ್ಲಿ ಪುಟ್ಟಿ ಉದ್ದಕ್ಕೆ ಬರೆದಳು. ಕಾರ್ಖಾನೆ, ಜಮೀನು, ಬಂಡವಾಳ ಯಾರ ಕೈಲಿದೆ, ಅಲ್ಲಿ ಯಾರ ಮಾತು ನಡೆಯುತ್ತೆ ಅನ್ನೋದು ಸಮಾಜವಾದದ ಪ್ರಶ್ನೆ. ಸರ್ಕಾರ ಬಸ್ಸು ಓಡಿಸಿದ ಮಾತ್ರಕ್ಕೆ ಆಗಲ್ಲ. ಜರ್ಮನಿಯ ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆ ನಿಷೇಧಿಸಿದವನು. 1883ರಲ್ಲಿ ಕೂಲಿಕಾರರಿಗೆ ಆರೋಗ್ಯ ವಿಮೆ ತಂದವನೂ ಅವನೇ, ಅವರು ಆ ಕಡೆ ವಾಲದಿರಲಿ ಅಂತ. ‘ಹಾಗೆ ನೋಡಿದ್ರೆ ನಮ್ಮನೇಲಿ ಸಮಾಜವಾದಕ್ಕೆ ಸ್ವಲ್ಪ ಹತ್ತಿರ ಇರೋದು ಅಪ್ಪನ ಹಾಲಿನ ಸೊಸೈಟಿ. ಹಾಲು ಹಾಕೋರೇ ಸದಸ್ಯರು, ಅವರದ್ದೇ ಓಟು.’

ಚಿಕ್ಕಪ್ಪ: ಇದನ್ನ ಡೇರಿ ಹತ್ತಿರ ಹೇಳ್ಬೇಡ ತಾಯಿ, ಬರೋ ತಿಂಗಳು ಎಲೆಕ್ಷನ್ನು.

ಭಾವ ಗೂಗಲ್‌ನೊಂದಿಗೆ ವಾಪಸಾದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನಮ್ಮ ದೇಶದಲ್ಲಿ ಸಮಾಜವಾದ ಅಂದರೆ ಕಲ್ಯಾಣ ರಾಜ್ಯ ಅಂತ. ಆದ್ದರಿಂದ ಬಸ್ಸೂ ಸಮಾಜವಾದವೇ ಅನ್ನೋದು ಭಾವನ ವಾದ. ಇದು ನಿಜವಾಗಿಯೂ ಗಟ್ಟಿ ವಾದ, ಭಾವನಿಂದ ನಾನು ನಿರೀಕ್ಷಿಸಿರಲಿಲ್ಲ. 1976ರಲ್ಲಿ ಸಂವಿಧಾನದ ಪ್ರಸ್ತಾವನೆಗೆ ಸೇರಿದ ಆ ಪದವನ್ನು ತೆಗೆಯಿರಿ ಅಂದವರ ಅರ್ಜಿ ವಜಾ ಮಾಡುತ್ತಾ ಕೋರ್ಟು ಹೇಳಿದ್ದು ಅದು. ಖಾಸಗಿ ಉದ್ಯಮಕ್ಕೆ ಇದರಿಂದ ಅಡ್ಡಿಯಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ ಅಂದಳು ಪುಟ್ಟಿ. ಒಂದೇ ಪದಕ್ಕೆ ಇಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡಿದ್ದರು. ಅಲ್ಲಿಗೆ ಏನೋ ಒಂದು ದಡ ಸೇರಬಹುದಿತ್ತು.

ದೊಡ್ಡಪ್ಪ: ಕೋರ್ಟು ಹೇಳಿದ ಮೇಲೆ ಮುಗೀತು. ಎಲ್ಲರೂ ಮಲಗಿ.

ಚಿಕ್ಕಪ್ಪ: ಮಲಗೋಣ. ಮೊದಲು ಮೋಟಾರಿನ ದುಡ್ಡು ಹಾಕಣ್ಣ.

ದೊಡ್ಡಪ್ಪ: ನನ್ನ ಪಾಲಿನ ಜಮೀನು ಬೀಳು ಬಿದ್ದು ಎರಡು ವರ್ಷ. ಒಂದು ಹನಿ ನೀರು ನಾನು ಬಳಸಿಲ್ಲ. ಬಳಸದವನು ಯಾಕೆ ಕೊಡಬೇಕು?

ಚಿಕ್ಕಪ್ಪ: ಬೋರು ಕೊರೆಸಿದಾಗ ಸಾಲಕ್ಕೆ ಸಹಿ ಹಾಕಿದವನು ನಾನೊಬ್ಬನೇ. ಆಗ ನೀನೆಲ್ಲಿದ್ದೆ?

‘ಪುಟ್ಟಿ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಆ ಹುಡುಗಿ ಏನೂ ಕಳಿಸಲಿಲ್ಲ. 11:52ಕ್ಕೆ ದೊಡ್ಡಪ್ಪ ಗುಂಪು ಬಿಟ್ಟರು. ಕೋಲಾರದ ಅಣ್ಣ ಇನ್ನೂ ರೈಲಿನ ಫೋಟೋ ಹುಡುಕುತ್ತಿದ್ದರು.

ಬೆಳಗ್ಗೆ ಆರಕ್ಕೆ ನನ್ನ ಫೋನಿಗೆ 3,400 ಬಂದು ಬಿದ್ದಿತ್ತು. ಹಿಂದೆಯೇ ದೊಡ್ಡಪ್ಪನ ಸಂದೇಶ, ನನಗೊಬ್ಬನಿಗೇ: ‘ಲೆಕ್ಕದಲ್ಲಿ ಬರಕೋ. ಗುಂಪಿನಲ್ಲಿ ಹೇಳಬೇಡ. ಅಮಾವಾಸ್ಯೆ ಕಳೆದ ಮೇಲೆ ನನ್ನನ್ನು ಸೇರಿಸು.’