‘ವಿದೇಶಿ ನೆರವು’ ಅಂದರೆ ಬಂದದ್ದೋ ಕೊಟ್ಟದ್ದೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಒಂದೇ ಎಂದುಕೊಂಡು ಶುರು ಮಾಡಿದೆ, ಬರೆಯುತ್ತ ಬರೆಯುತ್ತ ನಾಲ್ಕೈದಾಯಿತು. ಸಹಿಸಿಕೊಳ್ಳಿ.

ಶ್ರೀಮಂತ ದೇಶಗಳ ಸರ್ಕಾರಗಳು ಬೇರೆ ದೇಶಗಳ ಆರೋಗ್ಯಕ್ಕೆ, ಯುದ್ಧ-ಬರಗಳಲ್ಲಿ ಸಿಕ್ಕಿಕೊಂಡವರಿಗೆ ಮಾಡುವ ಖರ್ಚಿನ ಬಗ್ಗೆ ಉದ್ದನೆಯ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡಿನಲ್ಲಿ ‘2021ರಲ್ಲಿ ಬ್ರಿಟನ್ನಿನ ವಿದೇಶಿ ನೆರವು ರಾಷ್ಟ್ರೀಯ ಆದಾಯದ ಶೇ 0.7ರಿಂದ ಶೇ 0.5ಕ್ಕೆ ಇಳಿಯಿತು’ ಎಂದಿದ್ದೆ. ಕರಡು ತಿದ್ದಿಕೊಟ್ಟ ಗೆಳತಿ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದಳು: ‘ಅಲ್ಲ, ಬ್ರಿಟನ್ನಿಗೆ ನೆರವು ಕೊಡುತ್ತಿದ್ದವರು ಯಾರು?’

ಮೊದಲು ನಗು ಬಂತು. ಆಮೇಲೆ ನೋಡಿದರೆ ಅವಳು ಓದಿದ್ದರಲ್ಲಿ ತಪ್ಪೇನೂ ಇಲ್ಲ. ವಿದೇಶಿ ಬಟ್ಟೆ, ವಿದೇಶಿ ಬಂಡವಾಳ, ವಿದೇಶಿ ದೇಣಿಗೆ, ಎಲ್ಲವೂ ಹೊರಗಿನಿಂದ ಬಂದವೇ. ಹಾಗಿರುವಾಗ ‘ವಿದೇಶಿ ನೆರವು’ ಮಾತ್ರ ಹೊರಗೆ ಹೋಗುವುದು ಹೇಗೆ? ಕನ್ನಡದಲ್ಲಿ ಈ ಮಾತು ರೂಢಿಗೆ ಬಂದದ್ದು ಪಡೆಯುವವರ ಕಡೆಯಿಂದ. ಕೊಡುವವರ ಬಾಯಲ್ಲಿ ಅದನ್ನಿಟ್ಟರೆ ಅರ್ಥ ತಲೆಕೆಳಗಾಗುತ್ತದೆ.

‘ಸಾಗರೋತ್ತರ ನೆರವು’ ಎನ್ನೋಣ ಎಂದರೆ ಅದಕ್ಕೆ ಬೇರೆ ತೊಡಕು. ಇಂಗ್ಲಿಷಿನ ‘ಓವರ್‌ಸೀಸ್’ ದ್ವೀಪದಲ್ಲಿ ಕೂತವರ ಮಾತು. 1964ರಲ್ಲಿ ಬ್ರಿಟನ್ ಇದಕ್ಕೆಂದೇ ಒಂದು ಸಚಿವಾಲಯ ತೆರೆದಾಗ ಅದರ ಹೆಸರಿನಲ್ಲೂ ಈ ಶಬ್ದ ಇತ್ತು. ಅವರಿಗೆ ಪರದೇಶ ಅಂದರೆ ಸಮುದ್ರದಾಚೆಯೇ, ಸರಿ. ಆದರೆ ಪೋಲೆಂಡಿನಿಂದ ಉಕ್ರೇನಿಗೆ ಲಾರಿಯಲ್ಲಿ ಹೋಗುವ ಔಷಧಿ ಯಾವ ಸಾಗರ ದಾಟುತ್ತದೆ?

ಕೊನೆಗೆ ವಿಭಕ್ತಿ ಪ್ರತ್ಯಯವೇ ಗತಿ ಎಂದುಕೊಂಡು ‘ಹೊರದೇಶಗಳಿಗೆ ಕೊಡುವ ನೆರವು’ ಎಂದು ಎಲ್ಲ ಕಡೆ ತಿದ್ದಿದೆ. ಆ ‘ಗೆ’ ಇದ್ದರೆ ಹಣ ಯಾವ ಕಡೆ ಹರಿಯುತ್ತದೆ ಎಂಬ ಅನುಮಾನ ಉಳಿಯದು. ಒಂದು ದಿನ ನೆಮ್ಮದಿಯಾಗಿದ್ದೆ. ಮರುದಿನ ಲೇಖನದ ಪಟ್ಟಿಯೊಂದನ್ನು ಕನ್ನಡಿಸಲು ಕೂತಾಗ ಆ ನೆಮ್ಮದಿಯೂ ಹೋಯಿತು. ಬ್ರಿಟನ್ 2023ರಲ್ಲಿ ಈ ಲೆಕ್ಕದಲ್ಲಿ ತೋರಿಸಿದ ಸುಮಾರು 1,530 ಕೋಟಿ ಪೌಂಡಿನಲ್ಲಿ 430 ಕೋಟಿ ಪೌಂಡ್, ಅಂದರೆ ಕಾಲು ಭಾಗಕ್ಕೂ ಹೆಚ್ಚು, ಖರ್ಚಾದದ್ದು ಬ್ರಿಟನ್ನಿನ ಒಳಗೇ! ಆಶ್ರಯ ಕೇಳಿ ಬಂದವರನ್ನು ಇರಿಸಿದ ಹೋಟೆಲುಗಳ ಬಿಲ್ಲೂ ಅದರಲ್ಲಿದೆ. ನಿರಾಶ್ರಿತರು ಬಂದ ಮೊದಲ ಹನ್ನೆರಡು ತಿಂಗಳ ಖರ್ಚನ್ನು ನೆರವಿನ ಲೆಕ್ಕಕ್ಕೆ ಸೇರಿಸಿಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ. ಈಗ ಈ ಹಣವನ್ನು ‘ಹೊರದೇಶಗಳಿಗೆ ಕೊಟ್ಟದ್ದು’ ಎಂದು ಯಾವ ಬಾಯಲ್ಲಿ ಬರೆಯಲಿ?

ಹಾಗಾದರೆ ಲೆಕ್ಕ ಇಡುವವರು ಬಳಸುವ ಹೆಸರನ್ನೇ ಹಿಡಿಯೋಣ ಎನಿಸಿತು. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ನೆರವು ಸಮಿತಿ 1969ರಿಂದ ಬಳಸುತ್ತ ಬಂದಿರುವುದು ‘ಅಫಿಶಿಯಲ್ ಡೆವಲಪ್‌ಮೆಂಟ್ ಅಸಿಸ್ಟೆನ್ಸ್’, ಚಿಕ್ಕದಾಗಿ ಓಡಿಎ. ಇದರಲ್ಲಿ ದೇಶವೂ ಇಲ್ಲ, ಸಾಗರವೂ ಇಲ್ಲ. ಇದನ್ನು ‘ಅಧಿಕೃತ ಅಭಿವೃದ್ಧಿ ನೆರವು’ ಎಂದು ಬರೆಯುವುದುಂಟು. ನನಗೆ ಒಗ್ಗುವುದಿಲ್ಲ. ಇಲ್ಲಿ ‘ಅಫಿಶಿಯಲ್’ ಅಂದರೆ ಸರ್ಕಾರದ ಬೊಕ್ಕಸದಿಂದ ಹೋದದ್ದು ಎಂದಷ್ಟೇ. ಅದನ್ನು ಅಧಿಕೃತ ಎಂದುಬಿಟ್ಟರೆ ಖಾಸಗಿ ಪ್ರತಿಷ್ಠಾನವೊಂದು ಲಸಿಕೆಗೆ ಕೊಟ್ಟ ಹಣ ‘ಅನಧಿಕೃತ’ವಾಗಿ, ಬುಲ್ಡೋಜರ್ ಬರುವುದೊಂದು ಬಾಕಿ. ‘ಸರ್ಕಾರಿ ನೆರವು’ ಎಂದರೆ ಮುಗಿಯಿತಲ್ಲ?

‘ದಾನಿ ರಾಷ್ಟ್ರ’ದ ಬಗ್ಗೆಯೂ ನನ್ನದೊಂದು ತಕರಾರಿದೆ. ಕಡಿಮೆ ಬಡ್ಡಿಯ ಸಾಲವೂ ಈ ಲೆಕ್ಕಕ್ಕೆ ಸೇರುತ್ತದೆ. ಜಪಾನ್ ನೇರವಾಗಿ ಕೊಡುವುದರಲ್ಲಿ ದೊಡ್ಡ ಪಾಲು ಸಾಲವೇ. (2018ರ ಲೆಕ್ಕದಿಂದೀಚೆಗೆ ಪೂರ್ತಿ ಸಾಲವನ್ನಲ್ಲ, ಬಡ್ಡಿ ಕಡಿಮೆ ಮಾಡಿದ್ದರಿಂದ ಬಿಟ್ಟುಕೊಟ್ಟಂತಾಗುವ ಭಾಗವನ್ನಷ್ಟೇ ಎಣಿಸುತ್ತಾರೆ.) ಕೈಗಡ ಕೊಟ್ಟವನನ್ನು ಉಪಕಾರಿ ಎನ್ನಬಹುದು, ದಾನಿ ಎನ್ನುತ್ತೇವೆಯೇ? ‘ನೆರವು ಕೊಡುವ ದೇಶ’ ಉದ್ದವಾದರೂ ಸುಳ್ಳು ಹೇಳುವುದಿಲ್ಲ.

ಇಷ್ಟಾದರೂ ನಿದ್ದೆಗೆಡಿಸಿದ್ದು ‘ಮಾನವೀಯ’, ಇಂಗ್ಲಿಷಿನ ‘ಹ್ಯುಮಾನಿಟೇರಿಯನ್’ಗೆ ನಾವು ಬಳಸುವ ಪದ. ‘ಸುಡಾನಿನಲ್ಲಿ ಮಾನವೀಯ ಬಿಕ್ಕಟ್ಟು’ ಎಂದು ದಿನವೂ ಓದುತ್ತೇವೆ. ಅಲ್ಲಿ 2023ರ ಏಪ್ರಿಲಿನಿಂದ ಯುದ್ಧ, ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡಿದರು, ಬೆನ್ನಿಗೇ ಕಾಲರಾ. ಇದರಲ್ಲಿ ಮಾನವೀಯವಾದದ್ದು ಏನಿದೆ? ಮಾನವೀಯ ಎಂದರೆ ಕರುಣೆಯುಳ್ಳದ್ದು, ಮನುಷ್ಯತ್ವ ಇರುವಂಥದ್ದು. ‘ಮಾನವೀಯ ನೆಲೆಯಲ್ಲಿ ರಜೆ ಕೊಡಿ’ ಎಂದು ಅರ್ಜಿ ಬರೆಯುತ್ತೇವೆ. ಬಿಕ್ಕಟ್ಟು ಮಾನವೀಯ ಆಗಲಾರದು. ‘ಜನಸಂಕಟ’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿದೆ. ‘ಮಾನವೀಯ ನೆರವು’ ಅಷ್ಟು ಕೆಟ್ಟದಾಗಿ ಕೇಳುವುದಿಲ್ಲ, ನಿಜ. ಆದರೆ ಲೆಕ್ಕಪುಸ್ತಕದಲ್ಲಿ ಅದೊಂದು ಬಾಬತ್ತು: ಭೂಕಂಪ, ಯುದ್ಧ, ಕ್ಷಾಮದ ಹೊತ್ತಿನ ಡೇರೆ, ಧಾನ್ಯ, ನೀರು, ಚಿಕಿತ್ಸೆ. ಎಚ್‌ಐವಿ ಇದ್ದವರು ಬದುಕಿರುವಷ್ಟು ದಿನ ನುಂಗಬೇಕಾದ ಮಾತ್ರೆಯ ಖರ್ಚು ‘ಆರೋಗ್ಯ’ ಎಂಬ ಇನ್ನೊಂದು ಬಾಬತ್ತಿಗೆ. ಎರಡೂ ಜೀವ ಉಳಿಸುವಂಥವೇ, ಹೆಸರು ಮಾತ್ರ ಬೇರೆ.

ಹೆಸರಿನಿಂದ ಏನಾಗುತ್ತದೆ ಎನ್ನುವವರು 2025ರ ಜನವರಿಯನ್ನು ನೆನೆಯಬೇಕು. ಅಮೆರಿಕದ ಹೊಸ ಅಧ್ಯಕ್ಷರು 20ರಂದು ಹೊರದೇಶಗಳಿಗೆ ಕೊಡುವ ನೆರವಿಗೆ 90 ದಿನ ತಡೆ ಹಾಕಿದರು. ಕೊನೆಯ ವಾರದಲ್ಲಿ ‘ಜೀವ ಉಳಿಸುವ ಮಾನವೀಯ ನೆರವಿ’ಗೆ ವಿನಾಯಿತಿ ಬಂತು. ಯಾವುದು ಜೀವ ಉಳಿಸುವಂಥದ್ದು? ಎಚ್‌ಐವಿ ಇದ್ದವರ ಚಿಕಿತ್ಸೆ ಒಳಗೆ ಬಂತು. ಸೋಂಕು ತಗಲದಂತೆ ಮೊದಲೇ ನುಂಗುವ ಮಾತ್ರೆ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಮಾತ್ರ ಸಿಕ್ಕಿತು. ಉಳಿದವರದ್ದು ಆ ಮಾತಿನ ವ್ಯಾಪ್ತಿಯಿಂದ ಹೊರಗೆ. ಒಂದು ಪದದ ಅರ್ಥ ಎಲ್ಲಿಗೆ ಮುಗಿಯುತ್ತದೆ ಎಂಬುದರ ಮೇಲೆ ಔಷಧಿಯ ಡಬ್ಬಿ ಗೋದಾಮಿನಲ್ಲಿ ಉಳಿಯುವುದೋ ಹೊರಡುವುದೋ ನಿಂತಿತ್ತು. ಈ ಭಾಗವನ್ನು ಕನ್ನಡಿಸುವಾಗ ‘ಮಾನವೀಯ’ ಎಂದರೆ ಓದುಗರು ಕರುಣೆಯ ಮಾತು ಎಂದುಕೊಳ್ಳುತ್ತಾರೆ, ಬಾಬತ್ತು ಎಂದು ಹೊಳೆಯುವುದಿಲ್ಲ. ‘ತುರ್ತು ನೆರವು’ ಎಂದರೆ ಬಾಬತ್ತು ಹೊಳೆಯುತ್ತದೆ, ಆದರೆ ಮೂಲದ ಪದ ಕೈಬಿಡುತ್ತದೆ. ಏನು ಮಾಡಲಿ?

‘ಪರಿಹಾರ’ವನ್ನು ಮುಟ್ಟಲೇ ಇಲ್ಲ. ನೆರೆ ಬಂದಾಗ ಹಂಚುವ ಕಂಬಳಿಯೂ ಪರಿಹಾರ, ತಪ್ಪು ಮಾಡಿದವನು ಕಟ್ಟಿಕೊಡುವ ದುಡ್ಡೂ ಪರಿಹಾರ. 2015ರ ಪ್ಯಾರಿಸ್ ಹವಾಮಾನ ಮಾತುಕತೆಯಲ್ಲಿ ಶ್ರೀಮಂತ ದೇಶಗಳು ಪಟ್ಟು ಹಿಡಿದದ್ದು ಈ ಎರಡರ ನಡುವಿನ ಗೆರೆಗಾಗಿಯೇ. ಹವಾಮಾನ ಬದಲಾವಣೆಯಿಂದಾಗುವ ನಷ್ಟ-ಹಾನಿಯ ಮಾತು ಹೊಣೆಗಾರಿಕೆಗೂ ಎರಡನೆಯ ಬಗೆಯ ಪರಿಹಾರಕ್ಕೂ ಆಧಾರವಾಗದು ಎಂದು ಬರೆಸಿಕೊಂಡೇ ಒಪ್ಪಿದರು. ಆ ಗೆರೆ ಕನ್ನಡದಲ್ಲಿ ಕಾಣಿಸುವುದೇ ಇಲ್ಲ.

‘ನೀಡಿದೆ’ ಎಂಬ ಕ್ರಿಯಾಪದವನ್ನಂತೂ ಈ ವಿಷಯದಲ್ಲಿ ನಿಷೇಧಿಸಬೇಕು. ಸಮ್ಮೇಳನದಲ್ಲಿ ಮಾತು ಕೊಟ್ಟರೂ ‘ನೀಡಿದೆ’, ಹಣ ಕೈ ಸೇರಿದರೂ ‘ನೀಡಿದೆ’. ಕಚೇರಿ ಕನ್ನಡದಲ್ಲಿ ಘೋಷಣೆ, ಮಂಜೂರು, ಬಿಡುಗಡೆ, ಬಟವಾಡೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಇಂಗ್ಲಿಷಿನ ‘ಡಿಸ್ಬರ್ಸ್‌ಮೆಂಟ್’ ಎದುರಾದಾಗ ‘ವಿತರಣೆ’ ಎಂದು ತೇಲಿಸುವ ಬದಲು ‘ಬಟವಾಡೆ’ ಎಂದೇ ಬರೆದಿದ್ದೇನೆ. ಹಳೆಯ ಕಾಲದ ಸಂಬಳದ ವಾಸನೆ ಹೊಡೆಯುತ್ತದೆಯೇ?

ಮೊದಲ ಪ್ರಶ್ನೆಗೆ ಮರಳಿದರೆ, ‘ಹೊರನೆರವು’ ಎಂಬ ಹೊಸ ಜೋಡಣೆ ನನ್ನ ತಲೆಯಲ್ಲಿದೆ. ‘ಹೊರಗುತ್ತಿಗೆ’ಯಲ್ಲಿ ಕೆಲಸ ನಮ್ಮಿಂದ ಹೊರಗೆ ಹೋಗುತ್ತದೆ, ಅದೇ ಅಚ್ಚು. ಗೆಳತಿಗೆ ಕಳಿಸಿದ್ದೆ. ‘ಹೊರಗಿನವರು ಕೊಟ್ಟ ನೆರವು ತಾನೇ?’ ಎಂದು ಅದೇ ಪೆನ್ಸಿಲಿನಲ್ಲಿ ಬರೆದು ವಾಪಸ್ ಕಳಿಸಿದಳು. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ತಿಳಿಸಿ.